ಮೂರು ಬಾಯಿಯ ಕಟ್ಟಡ

ಷಣ್ಮುಖಪ್ಪನವರು ತನ್ನನ್ನು ನೋಡಿಯೂ ನೋಡದ ಹಾಗೆ ನಡೆದುಹೋದರು ಎಂಬುದು ಪ್ರಜ್ಞಾಳಿಗೆ ಖಾತ್ರಿಯಾಗುವಷ್ಟರಲ್ಲಿ ಅವರು ಓಣಿಯ ಆ ತುದಿ ಮುಟ್ಟಿದ್ದರು. ಅವಳ ಕೈಗಳು ಇನ್ನೂ ಎದೆಯ ಮುಂದೆ ಜೋಡಿಸಿಕೊಂಡೇ ಇದ್ದವು. "ನಮಸ್ಕಾರ ಸರ್! ನಾನು ಪ್ರಜ್ಞಾ. ಹನ್ನೊಂದು ಗಂಟೆಗೆ ಬರೋಕೆ ಹೇಳಿದ್ರಲ್ಲ, ಖುಷಿಗೆ ಮೊದ್ಲೇ ಬಂದ್ಬಿಟ್ಟೆ" ಎಂದು ಅವಳು ಕೂಗಿಯೇ ಹೇಳಿದ್ದಳು. ಓಣಿ ಎಷ್ಟು ಕಿರಿದೆಂದರೆ ಅವರು ಹಾದುಹೋಗಲು ಅವಳು ಗೋಡೆಗೆ ಬೆನ್ನೊತ್ತಿ ನಿಲ್ಲಬೇಕಾಯಿತು. ಹಣೆಯ ವಿಭೂತಿ, ಆಗಷ್ಟೇ ಕ್ಷೌರ ಮಾಡಿದ ಗಲ್ಲದ ಮೇಲಿನ ಗೀರು, ಕಂಕುಳಲ್ಲಿ ಮಡಿಸಿಟ್ಟ ಕೊಡೆ, ಎಲ್ಲ ಅವಳ ಮೂಗಿನ ಮುಂದೆಯೇ ಹಾದುಹೋದವು. ಕಣ್ಣು ಮಾತ್ರ ನೇರ ಮುಂದಕ್ಕೆ ನೆಟ್ಟಿತ್ತು. ಗೋಡೆಗೆ ಒತ್ತಿ ನಿಂತವಳು ಗೋಡೆಯೇ ಇರಬೇಕು ಎಂಬಂತೆ. ಓಣಿಯ ಮೂಲೆಯಲ್ಲಿ ಮೋರಿಯ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ ಇಬ್ಬರು ಅವಳ ಕೂಗಿಗೆ ಬೆಚ್ಚಿಬಿದ್ದು ತಕ್ಷಣ ತಲೆ ತಗ್ಗಿಸಿಕೊಂಡಿದ್ದರು. ಅವರಿಗೂ ಅವಳನ್ನು ನೋಡುವುದು ಬೇಡವಾಗಿತ್ತು.

ಕೈ ಇಳಿಸಬೇಕು ಎಂದು ಹೊಳೆಯಿತು. ಇಳಿಸಿದ ಮೇಲೆ ಎಲ್ಲಿಡಬೇಕೆಂದು ತಿಳಿಯದೆ ದುಪಟ್ಟಾದ ತುದಿ ಹಿಡಿದುಕೊಂಡಳು. ಹೋದ ಶುಕ್ರವಾರ ಇದೇ ಮನುಷ್ಯ ತನ್ನ ಗೊಬ್ಬರದಂಗಡಿಯಲ್ಲಿ ಕುರ್ಚಿ ಎಳೆದು ಕೂರಿಸಿ, ಬಾಡಿಗೆಯ ಮಾತು ಮುಗಿಸಿ, "ಸೋಮವಾರ ಬಾ ತಾಯಿ, ಗೋಡೌನ್ ಬೀಗ ತೆಗ್ದು ತೋರಿಸ್ತೀನಿ, ಮನಸಿಗೆ ಬಂದ್ರೆ ಕೀ ಅಲ್ಲೇ ಇಸ್ಕೊ" ಎಂದಿದ್ದರು. ಶುಕ್ರವಾರಕ್ಕೂ ಸೋಮವಾರಕ್ಕೂ ನಡುವೆ ಯಾರೋ ಏನೋ ಹೇಳಿರಬೇಕು. ಏನು ಹೇಳಿರಬಹುದು ಎಂದು ಊಹಿಸಲು ಅವಳಿಗೆ ಕಷ್ಟವಿರಲಿಲ್ಲ. ಹುಟ್ಟಿದಾಗಿನಿಂದ ಊಹಿಸುತ್ತ ಬಂದದ್ದೇ. ಆದರೆ ಅವಳು ಮುಚ್ಚಿಟ್ಟಿರಲಿಲ್ಲವಲ್ಲ. ಅಪ್ಪ ಕೆಂಪರಾಜು ಎಂದು, ಮೊದಲು ರೈಲ್ವೆ ಹಳಿಯ ಪಕ್ಕದ ಕೇರಿಯಲ್ಲಿದ್ದೆವು, ಈಗ ಅಜ್ಜಂಪುರದಲ್ಲಿದ್ದೇವೆ ಎಂದು ಅವಳೇ ಹೇಳಿದ್ದಳು, ಕೇಳುವ ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು. ಅವರು ಒಂದೊಂದಕ್ಕೂ ತಲೆಯಾಡಿಸಿದ್ದರು. ಈಗ ಆ ತಲೆಯಾಡಿಕೆಯನ್ನು ಅವಳು ನೆನಪಿನಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದಳು. ಕೆಂಪರಾಜು ಎಂದಾಗ ಕೊಂಚ ನಿಧಾನವಾಗಿತ್ತೇ? ಕುರ್ಚಿಯನ್ನು ಕಾಲಲ್ಲಿ ಎಳೆದಿದ್ದರೋ, ಕೈಯಲ್ಲೋ?

ವಿಚಿತ್ರವೆಂದರೆ ಇಷ್ಟಾದರೂ ಬೆಳಗಿನಿಂದ ಮೈಯೊಳಗೆ ಕುಣಿಯುತ್ತಿದ್ದುದು ನಿಂತಿರಲಿಲ್ಲ. ಮುಖ ಸುಡುತ್ತಿತ್ತು, ಕಾಲು ಮಾತ್ರ ಆ ಗೋಡೆಯ ಉದ್ದಕ್ಕೂ ಓಡಾಡಲು ಹವಣಿಸುತ್ತಿತ್ತು. ಅವಳು ಬಂದದ್ದೇ ಗೋಡೌನಿನ ಹಿಂದಿನ ಗೋಡೆ ನೋಡುವುದಕ್ಕೆ, ತನ್ನ ಬೇಕರಿಯ ಭಟ್ಟಿಯ ಹೊಗೆಕೊಳವೆ ಎಲ್ಲಿ ಏಳಬೇಕೆಂದು. ಗೋಡೆಗೆ ಅಂಗೈ ಒತ್ತಿದಳು. ತಣ್ಣಗಿತ್ತು, ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಾಡುಕಲ್ಲು, ಮೊಳಕ್ಕಿಂತ ದಪ್ಪ. ಇಂಥ ಗೋಡೆಯೊಳಗೆ ಒಮ್ಮೆ ಬಿಸಿ ಹಿಡಿಸಿದರೆ ರಾತ್ರಿಯಿಡೀ ಆರುವುದಿಲ್ಲ. ಭದ್ರಾವತಿಯ ಬೇಕರಿಯಲ್ಲಿ ತಗಡಿನ ಓವನ್ನಿನ ಮುಂದೆ ನಿಂತು ಬನ್ನಿನ ಟ್ರೇ ಎಳೆಯುತ್ತಿದ್ದ ವರ್ಷಗಳಲ್ಲೆಲ್ಲ ಅವಳು ಇಂಥದೊಂದು ಗೋಡೆಯ ಕನಸು ಕಂಡಿದ್ದಳು. ಬೇರೆ ಹುಡುಗಿಯರು ಮದುವೆಯ ಸೀರೆಯ ಬಣ್ಣ ಯೋಚಿಸುವಾಗ ತಾನು ಗೋಡೆಯ ದಪ್ಪ ಯೋಚಿಸುತ್ತಿದ್ದೆನಲ್ಲ ಎಂದು ನಗು ಬಂತು. ಬೀಡಿಯವರು ಕದ್ದು ನೋಡಿದರು. ಒಬ್ಬಳೇ ನಗುತ್ತಿದ್ದೇನೆ ಎಂದು ಗೊತ್ತಾಗಿ, ಆ ಓಣಿಯಿಂದ ಹೊರಬಿದ್ದು, ಕಟ್ಟಡ ಬಳಸಿ ಪೇಟೆಬೀದಿಯ ಕಡೆಗೆ ಬಂದಳು.

ತರೀಕೆರೆಯವರಿಗೆ ಅದು ಪೇಟೆ ಬಾರು. ಬೋರ್ಡಿನ ಮೇಲೆ ಏನೇನೋ ಹೆಸರುಗಳಿದ್ದವು, ಒಂದರ ಮೇಲೊಂದು ಬಣ್ಣ ಬಳಿದು ಬರೆದವು, ಈಗ ಬಿಸಿಲಿಗೆ ಎಲ್ಲವೂ ಒಟ್ಟಿಗೆ ಮೇಲೆದ್ದು ಯಾವ ಹೆಸರೂ ಓದಲಿಕ್ಕಾಗುತ್ತಿರಲಿಲ್ಲ. ಷಣ್ಮುಖಪ್ಪನವರ ತಾತ ಅದನ್ನು ಕಟ್ಟಿಸಿದ್ದು ಮೆಣಸಿನಕಾಯಿ ದಾಸ್ತಾನಿಗೆ. ಎತ್ತು ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಮುಂದಿನ ಗೋಡೆಯಲ್ಲಿ ಇನ್ನೂ ಇದ್ದವು, ಗಾಡಿಯೇ ಒಳಗೆ ಹೋಗುವಷ್ಟು ಎತ್ತರದ ಬಾಗಿಲಿತ್ತು. ದಾಸ್ತಾನು ನಿಂತ ಮೇಲೆ ಹೆಂಡದಂಗಡಿಯವರು ಬಾಡಿಗೆಗೆ ಹಿಡಿದರು, ಆಮೇಲೆ ಸಾರಾಯಿ, ಸಾರಾಯಿ ನಿಂತ ಮೇಲೆ ಟ್ಯೂಬ್‌ಲೈಟು ಹಾಕಿ ಪ್ಲೈವುಡ್ ಹೊಡೆದು ಬಾರ್ ಅಂಡ್ ರೆಸ್ಟೋರೆಂಟು. ಹೆದ್ದಾರಿ ಪಕ್ಕದ ಬಾರುಗಳನ್ನೆಲ್ಲ ಎತ್ತಿಸಿದ ವರ್ಷ ಲೈಸೆನ್ಸು ಊರಾಚೆಗೆ ಹೋಯಿತು, ಕಟ್ಟಡ ಇಲ್ಲೇ ಉಳಿಯಿತು. ಒಂದು ಚುನಾವಣೆಗೆ ಪಕ್ಷದ ಕಚೇರಿಯಾಗಿ, ಒಂದಷ್ಟು ದಿನ ಗಣಪತಿ ಪೆಂಡಾಲಿನ ಗಳ ಇಡುವ ಜಾಗವಾಗಿ, ಆಮೇಲೆ ಏನೂ ಆಗದೆ. ಷಣ್ಮುಖಪ್ಪನವರ ಮನೆಯಲ್ಲಿ ಮಾತ್ರ ಅದು ಎಂದೂ ಬಾರು ಆಗಿರಲೇ ಇಲ್ಲ. ಮಠಕ್ಕೆ ನಡೆದುಕೊಳ್ಳುವ ಮನೆತನ. ಮೂರು ತಲೆಮಾರು ಹೆಂಡದ ಬಾಡಿಗೆ ಬಂದರೂ ಅವರ ಬಾಯಲ್ಲಿ ಅದು ಗೋಡೌನ್. ಅಪ್ಪನಿಗೆ ಫೋನಿನಲ್ಲಿ ಹೇಳುವಾಗ ಪ್ರಜ್ಞಾ ಕೂಡ ಅದೇ ಮಾತು ಎತ್ತಿಕೊಂಡಿದ್ದಳು. "ಪೇಟೇಲಿ ಒಂದು ಗೋಡೌನ್ ಸಿಕ್ತು ಅಪ್ಪಾ." ಬುದ್ಧನ ಪಟದ ಮುಂದೆ ಪಂಚಶೀಲ ಹೇಳಿ ಕುಡಿತ ಬಿಟ್ಟು, ಈ ಓಣಿಯಿಂದ ದೂರವಿರಲೆಂದೇ ಊರು ಬಿಟ್ಟು ಅಜ್ಜಂಪುರಕ್ಕೆ ಹೋದ ಮನುಷ್ಯ ಆ ಕಡೆಯಿಂದ, "ಗೋಡೌನಾ? ಒಳ್ಳೇದಾಯ್ತು ಮಗಾ, ಇಲಿ ಕಾಟ ನೋಡ್ಕೊ" ಎಂದಿದ್ದ. ಅದು ಯಾವ ಗೋಡೌನ್ ಎಂದು ಅವಳು ಅವನಿಗೆ ಇನ್ನೂ ಹೇಳಿರಲಿಲ್ಲ.

ಮುಂದಿನ ಜಗಲಿಯ ಮೇಲೆ ತಿಮ್ಮಪ್ಪ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ. ಬಾರು ಇದ್ದಾಗ ಒಳಗೆ ಗ್ಲಾಸು ಕೊಡುತ್ತಿದ್ದವನು, ಬಾರು ಹೋದ ಮೇಲೆ ಅದರ ಮುಂದೆಯೇ ಇಸ್ತ್ರಿ ಮೇಜು ಹಾಕಿಕೊಂಡಿದ್ದ.

"ಏನವ್ವಾ, ಬೆಳಬೆಳಿಗ್ಗೆ ಬಾರ್ ಮುಂದೆ? ಇದು ತೆಗ್ಯಲ್ಲ, ಬೈಪಾಸಿಗೆ ಹೋಗು."

"ಕುಡಿಯೋಕಲ್ಲ ತಿಮ್ಮಪ್ಪಣ್ಣ. ಬೇಕರಿ ಮಾಡೋಕೆ."

"ಬೇಕರೀನಾ! ಇಲ್ಲೀನಾ?" ಅವನು ಪೆಟ್ಟಿಗೆ ಕೆಳಗಿಟ್ಟ. "ಈ ಕಟ್ಟಡದ ಮಹಿಮೆ ಗೊತ್ತೈತಾ ನಿಂಗೆ? ಬ್ರಿಟಿಷ್ ಕಲೆಕ್ಟ್ರು ಕುದುರೆ ಕಟ್ಟಿ ಹೆಂಡ ಕುಡಿದಿದ್ನಂತೆ ಇಲ್ಲಿ. ಕುದುರೇಗೂ ಕುಡಿಸಿದ್ನಂತೆ. ಕುದುರೆ ಲಿಂಗದಹಳ್ಳಿ ದಾರಿ ಬಿಟ್ಟು ಕಡೂರಿಗೆ ಹೋಗ್ಬಿಡ್ತಂತೆ."

"ನೀನು ನೋಡಿದ್ಯಾ?"

"ನೋಡ್ದಂಗೇ ಹೇಳ್ತಾ ಇಲ್ವಾ?"

ಬೇರೆ ದಿನವಾಗಿದ್ದರೆ ಅವಳು ಇನ್ನಷ್ಟು ಕೆದಕುತ್ತಿದ್ದಳು. ಇಂದು ಅವಳ ಕಿವಿ ಅವನ ಮಾತಿನ ಕಡೆಗಿದ್ದರೆ ಮನಸ್ಸು ಓಣಿಯಲ್ಲೇ ನಿಂತು ಮತ್ತೆ ಮತ್ತೆ ಕೈಮುಗಿಯುತ್ತಿತ್ತು. ಒಂದೊಂದು ಸಲವೂ ಅವರು ಹಾಗೇ ಹಾದುಹೋಗುತ್ತಿದ್ದರು. ಹನ್ನೊಂದಕ್ಕೆ ಅವರು ಬಾರದೇ ಹೋದರೆ? ಬಂದು, ಮಗ ಒಪ್ಪಲಿಲ್ಲ, ತಂಗಿಗೆ ಪಾಲಿದೆ, ಮುಂದಿನ ತಿಂಗಳು ನೋಡೋಣ ಎಂದರೆ? ಇಂಥ ಮಾತುಗಳಿಗೆ ಮುಖ ಹೇಗಿಟ್ಟುಕೊಳ್ಳಬೇಕೆಂದು ಅವಳಿಗೆ ಅಭ್ಯಾಸವಿತ್ತು. 'ಪರವಾಗಿಲ್ಲ ಸರ್' ಎಂದು ನಗುವುದು. ಆ ನಗುವನ್ನು ಈಗಲೇ ತುಟಿಯ ಮೇಲೆ ಹಾಕಿಕೊಂಡು ನೋಡಿದಳು. ಅಷ್ಟರಲ್ಲಿ ಕಣ್ಣು ಎತ್ತಿನ ಬಳೆಗಳ ಕಡೆ ಹೋಗಿ, ಅವಕ್ಕೆ ಸರಪಳಿ ಹಾಕಿ ಹಲಗೆ ತೂಗಿಬಿಟ್ಟರೆ ನಿಂತು ಪಪ್ಸ್ ತಿನ್ನುವವರಿಗೆ ಮೇಜಾಗುತ್ತದೆ ಎಂದು ಹೊಳೆದು ಮೈ ಜುಂ ಎಂದಿತು. ಅವಮಾನ ತಿನ್ನುತ್ತಿರುವಾಗ ಹೀಗೆ ಹಲಗೆ ಅಳೆಯುವ ಮನಸ್ಸಿಗೆ ಮಾನವಿದೆಯೇ ಎಂದು ತನ್ನ ಮೇಲೇ ಸಿಟ್ಟು ಬಂತು.

ಅಜ್ಜಂಪುರದ ಬಸ್ಸಿನಿಂದ ಇಳಿದ ಅವಳ ಅವ್ವ ವನಜಾಕ್ಷಿ ಬೀದಿಯ ಆ ಬದಿಯಲ್ಲಿ ಕಾಣಿಸಿದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು, ಮುಡಿ ತುಂಬ ಕನಕಾಂಬರ. ದಾಟುವಾಗ ಅತ್ತಿತ್ತ ನೋಡದೆ ಕಟ್ಟಡವನ್ನೇ ನೋಡುತ್ತ ಬಂದಳು, ಲಾರಿಯವನು ಬೈದದ್ದು ಕೇಳಿಸಲಿಲ್ಲ.

"ಒಳಗ್ ಹೋಗ್ ನೋಡ್ದಾ? ಹೆಂಗೈತೆ?"

"ಇನ್ನೂ ತೆಗೆದಿಲ್ಲ ಅವ್ವ. ನೀನು ಮಂಟಪಕ್ಕೆ ಬಂದಂಗೆ ಬಂದಿದ್ದೀಯಲ್ಲ?"

"ನಿಂಗೇನ್ ಗೊತ್ತು? ಎಷ್ಟ್ ಸಂಜೆ ಇದರ ಹಿಂದೆ ನಿಂತಿದೀನಿ, ಒಳಗ್ ಹೆಂಗೈತೆ ಅಂತ ಒಂದ್ ದಿನಾನೂ ನೋಡಿಲ್ಲ ಕಣೇ. ಅರಮನೆ ಇರ್ಬೇಕು ಅನ್ಕೊಂಡಿದ್ದೆ. ಇಲ್ದಿದ್ರೆ ಗಂಡಸ್ರು ಯಾಕಂಗೆ ಓಡೋಗ್ತಿದ್ರು?"

ತಿಮ್ಮಪ್ಪ, "ಅರಮನೇನೇ ವನಜಕ್ಕ, ರಾಜರುಗಳೇ ಬರ್ತಿದ್ದಿದ್ದು. ಹೋಗ್ಬೇಕಾದ್ರೆ ಮಾತ್ರ ಆಳು ಹೊತ್ಕೊಂಡ್ ಹೋಗ್ಬೇಕಿತ್ತು" ಎಂದ. ಇಬ್ಬರೂ ನಕ್ಕರು. ಆ ನಗುವನ್ನು ಪ್ರಜ್ಞಾಳಿಗೆ ಸಹಿಸಲಾಗಲಿಲ್ಲ. ಓಣಿಯಲ್ಲಿ ನಡೆದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು, ಅವರು ನೋಡದೇ ಹೋದದ್ದು, ಬೀಡಿಯವರು ತಲೆ ತಗ್ಗಿಸಿದ್ದು, ಇನ್ನು ಕೀ ಸಿಗುವುದಿಲ್ಲ ಎಂದು ತನಗನ್ನಿಸುತ್ತಿರುವುದು. ವನಜಾಕ್ಷಿ ತಿಮ್ಮಪ್ಪನ ಮುಖ ನೋಡಿದಳು, ತಿಮ್ಮಪ್ಪ ವನಜಾಕ್ಷಿಯ ಮುಖ ನೋಡಿದ.

"ಓಣೀಲಿ ನಮಸ್ಕಾರ ಮಾಡಿದ್ಯಾ?" ತಿಮ್ಮಪ್ಪ ಬಾಯಿಗೆ ಕೈ ಇಟ್ಟುಕೊಂಡ. "ಹೆಸ್ರು ಬೇರೆ ಹೇಳ್ದಾ? ಅಯ್ಯೋ ಹುಚ್ಚುಡ್ಗಿ! ಆ ಓಣೀಲಿ ಯಾರೂ ಯಾರ್ನೂ ನೋಡಂಗಿಲ್ಲ ಕಣವ್ವ. ಅದು ಕಟ್ಟುಪಾಡು."

ಪ್ರಜ್ಞಾಳಿಗೆ ಅರ್ಥವಾಗಲಿಲ್ಲ. ತಿಮ್ಮಪ್ಪ ಕೆಂಡ ಆರುತ್ತಿದ್ದುದನ್ನೂ ಮರೆತು ವಿವರಿಸಿದ. ಈ ಕಟ್ಟಡಕ್ಕೆ ಮೂರು ಬಾಯಿ. ಬೀದಿಗೆ ದೊಡ್ಡ ಬಾಗಿಲು, ಅದು ಲಾರಿಯವರಿಗೆ, ಪರಊರಿನವರಿಗೆ, ಯಾರು ನೋಡಿದರೂ ಚಿಂತೆಯಿಲ್ಲದವರಿಗೆ. ಹಿಂದಿನ ಓಣಿಗೆ ಒಂದು ಗಿಡ್ಡ ಬಾಗಿಲು, ಅದು ಮಾನವಂತರಿಗೆ. ಮನೆಯಲ್ಲಿ ಲಿಂಗಪೂಜೆ ಮಾಡುವವರು, ಮೇಷ್ಟ್ರು, ಅಂಗಡಿಸಾಹುಕಾರರು ತಲೆಗೆ ಟವೆಲು ಹೊದ್ದು ಬಗ್ಗಿ ಒಳಹೋಗುವುದು. ಅದೇ ಓಣಿಗೆ, ಗಿಡ್ಡ ಬಾಗಿಲಿಗೆ ನಾಲ್ಕು ಮಾರು ಆಚೆ ಒಂದು ಕಿಂಡಿ. ಅದು ಹಳಿಯ ಆಚೆಯವರಿಗೆ, ಹೊರಗೆ ನಿಂತು ಕೈ ಚಾಚಿ ಇಸಿದುಕೊಂಡು ಅಲ್ಲೇ ಕುಡಿಯುವುದು. ಓಣಿಗೆ ಕಾಲಿಟ್ಟ ಮೇಲೆ ಎದುರು ಸಿಕ್ಕವರು ಸಿಕ್ಕಿಲ್ಲ, ಕಂಡವರು ಕಂಡಿಲ್ಲ.

"ಮಾವ ಅಳಿಯ ಒಂದೇ ಬೆಂಚಲ್ಲಿ ಕೂತು ಕುಡಿಯೋರು. ಮನೇಗ್ ಹೋಗಿ ಮಾವ ಕೇಳೋನು, 'ಯಾವಾಗ್ ಬಂದ್ರಿ ಅಳಿಯಂದ್ರೆ, ಪ್ರಯಾಣ ಹೆಂಗಾಯ್ತು?'"

"ಬಾರು ಮುಚ್ಚಿ ಇಷ್ಟು ವರ್ಷ ಆಯ್ತಲ್ಲ ತಿಮ್ಮಪ್ಪಣ್ಣ!"

"ಬಾರು ಮುಚ್ಚಿದ್ರೆ ಓಣಿ ಮುಚ್ತದಾ? ಈಗ್ಲೂ ಅಲ್ಲಿ ಕಾಲಿಟ್ರೆ ನನ್ ತಲೆ ತಾನಾಗೇ ಬಗ್ಗೋಗ್ತದೆ. ಅವರು ನಿನ್ನ ಮಾತಾಡ್ಸಿದ್ರೆ ತಪ್ಪಾಗ್ತಿತ್ತು. ಸಾವ್ಕಾರ್ರು ಮರ್ಯಾದೆ ಕೊಟ್ಟವ್ರೆ ಕಣೇ ನಿಂಗೆ."

ಮರ್ಯಾದೆ! ಪ್ರಜ್ಞಾಳ ಎದೆಯಿಂದ ಒಂದು ಹೊರೆ ಜಾರಿಬಿದ್ದ ಹಾಗಾಯಿತು. ಹಾಗಾದರೆ ಕೀ ಸಿಗುತ್ತದೆ. ಭಟ್ಟಿ, ಟ್ರೇ, ಬೆಣ್ಣೆ ಬಿಸ್ಕತ್ತಿನ ಗಾಜಿನ ಭರಣಿಗಳು, ಬೆಳಗಿನ ಬ್ರೆಡ್ಡಿನ ವಾಸನೆ ಹೆದ್ದಾರಿಯ ತನಕ, ಎಲ್ಲ ಮತ್ತೆ ಒಟ್ಟಿಗೆ ನುಗ್ಗಿ ಬಂದವು. ಅವ್ವನನ್ನು ತಬ್ಬಿಕೊಳ್ಳಬೇಕು ಎನ್ನುವಷ್ಟರಲ್ಲಿ ವನಜಾಕ್ಷಿ ಸೆರಗು ಸರಿಮಾಡಿಕೊಳ್ಳುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಅದು ಬಾಗ್ಲಿನೋರ ಕಟ್ಟುಪಾಡು ತಿಮ್ಮಪ್ಪ. ಕಿಂಡಿಯೋರ್ನ ನೋಡ್ದೇ ಇರೋಕೆ ಅವರಿಗೆ ಓಣಿ ಯಾತಕ್ ಬೇಕಿತ್ತು? ಪೇಟೆ ಬೀದೀಲೂ ನೋಡ್ತಿರ್ಲಿಲ್ಲ."

ತಿಮ್ಮಪ್ಪ ಇಸ್ತ್ರಿಪೆಟ್ಟಿಗೆಗೆ ಊದತೊಡಗಿದ.

ಪ್ರಜ್ಞಾಳಿಗೆ ಒಮ್ಮೆಗೇ ಅವ್ವನ ಕೂಗು ಕೇಳಿದಂತಾಯಿತು. ಆಗ ಅವಳಿನ್ನೂ ಶಾಲೆಗೆ ಸೇರಿರಲಿಲ್ಲ. ಸಂಜೆ ಹಳಿಯ ಬದಿಯಲ್ಲಿ ಆಡುತ್ತಿದ್ದರೆ ಪೇಟೆಯ ಕಡೆಯಿಂದ ಉದ್ದಕ್ಕೆ ಎಳೆದು "ಪ್ರಜ್ಞಾ... ಏ ಪ್ರಜ್ಞಾ..." ಎಂಬ ಕೂಗು. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಹೆಂಗಸು ಆ ಓಣಿಯೊಳಗೆ ಕಾಲಿಡಬಾರದು. ಅದಕ್ಕೆ ಹೆಂಡತಿಯರು ಓಣಿಯ ಬಾಯಲ್ಲಿ ನಿಂತು ಮಕ್ಕಳ ಹೆಸರು ಹಿಡಿದು ಗಂಡಂದಿರನ್ನು ಕರೆಯುತ್ತಿದ್ದರು. ಅದು ಗೊತ್ತಿಲ್ಲದೆ ಇವಳು "ಬಂದೇ" ಎಂದು ಏದುಸಿರು ಬಿಡುತ್ತ ಓಡಿಹೋದರೆ ಅವ್ವ, "ನಿನ್ನಲ್ಲ ಕಣೇ, ಹೋಗು" ಎಂದು ಗದರುತ್ತಿದ್ದಳು. ತನ್ನ ಹೆಸರಿಗೆ ತಾನು ಓಡಿಬಂದದ್ದೇ ತಪ್ಪಾಗಿ ಹೋಗುತ್ತಿತ್ತು. ಎಷ್ಟೋ ದಿನ ಅವಳು ಈ ಊರಲ್ಲಿ ತನ್ನದೇ ಹೆಸರಿನ ಇನ್ನೊಬ್ಬ ಹುಡುಗಿ ಇದ್ದಾಳೆಂದೂ, ಅವಳು ಎಷ್ಟು ಕರೆದರೂ ಬರದ ಹಟಮಾರಿಯೆಂದೂ ನಂಬಿದ್ದಳು.

"ಬಂದ್ಯಾ ತಾಯಿ? ಎಷ್ಟೊತ್ತಾಯ್ತು?"

ಷಣ್ಮುಖಪ್ಪನವರು ಬೀದಿಯ ಕಡೆಯಿಂದ ಜಗಲಿ ಹತ್ತಿದರು. ಅದೇ ವಿಭೂತಿ, ಅದೇ ಗೀರು, ಅದೇ ಕೊಡೆ. ಬೆಳಿಗ್ಗೆಯಿಂದ ಇದೇ ಮೊದಲು ನೋಡುತ್ತಿರುವವರ ನಗು, ಅದರಲ್ಲಿ ಒಂದು ಎಳೆಯೂ ಸುಳ್ಳಿರಲಿಲ್ಲ. ಪ್ರಜ್ಞಾ ಮತ್ತೆ ಕೈ ಮುಗಿದಳು. "ಈಗ್ತಾನೇ ಬಂದೆ ಸರ್" ಎಂದಳು. ಹಾಗೆಂದದ್ದಕ್ಕೆ ನಾಲಗೆ ಕಚ್ಚಿಕೊಳ್ಳುವಂತಾಯಿತು. ಎಷ್ಟು ಸಲೀಸಾಗಿ ತಾನೂ ಕಟ್ಟುಪಾಡು ಕಲಿತುಬಿಟ್ಟೆ! ಅವರು ಬೀಗ ತೆಗೆದು, ಕೀ ಸಮೇತ ಅದನ್ನು ಅಗಣಿಗೆ ನೇತುಹಾಕಿ, ಕೊಡೆಯ ತುದಿಯಿಂದ ಬಾಗಿಲು ತಳ್ಳಿದರು.

ಒಳಗೆ ಹಂಚಿನ ಸಂದಿಯಿಂದ ಬಿಸಿಲಿನ ಕೋಲುಗಳು ಇಳಿದು ನೆಲಕ್ಕೆ ಊರಿಕೊಂಡಿದ್ದವು. ತೇಗದ ತೊಲೆಗಳು, ಅರ್ಧದ ತನಕ ಹಸಿರು ಪೇಂಟು ಬಳಿದ ಗೋಡೆಗಳು, ನಡುವೆ ಉದ್ದದ ಕಡಪ ಕಲ್ಲಿನ ಕಟ್ಟೆ, ಗ್ಲಾಸುಗಳ ಅಡಿ ಉಜ್ಜಿ ಉಜ್ಜಿ ಕಲ್ಲೇ ಅಲ್ಲಲ್ಲಿ ತಗ್ಗಾಗಿತ್ತು. ಹುಳಿವಾಸನೆ ಇನ್ನೂ ಇತ್ತು, ವರ್ಷಗಟ್ಟಲೆ ಗಾರೆಯೊಳಗೆ ಇಂಗಿದ್ದು. ಪ್ರಜ್ಞಾ ಉಸಿರೆಳೆದಳು, ಹೇಸಿಗೆಯಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಇದು ಅವಳಿಗೆ ಗೊತ್ತಿದ್ದ ವಾಸನೆ, ಹಿಟ್ಟು ಉಬ್ಬುವಾಗ ಬೆಳಗಿನ ಜಾವ ಬೇಕರಿಯಲ್ಲಿ ಏಳುವ ವಾಸನೆಯ ಅಣ್ಣನೋ ಚಿಕ್ಕಪ್ಪನೋ. ಈ ಕಟ್ಟಡಕ್ಕೆ ಹುದುಗುವುದು ಗೊತ್ತಿದೆ! ಅವಳು ಕಟ್ಟೆಯ ಸುತ್ತ ಓಡಿದಳು, ಹಿಟ್ಟು ನಾದುವುದು ಇಲ್ಲಿ, ಟ್ರೇ ಆರಿಸುವುದು ಅಲ್ಲಿ, ಭಟ್ಟಿ ಆ ಮೂಲೆಗೆ. ಗಟ್ಟಿಯಾಗಿ ಹೇಳುತ್ತಿದ್ದೇನೆ ಎಂದು ಷಣ್ಮುಖಪ್ಪನವರ ಮುಖ ನೋಡಿದಾಗ ಗೊತ್ತಾಯಿತು. ಅವರು ಹೊಸ್ತಿಲ ಹತ್ತಿರವೇ ನಿಂತಿದ್ದರು, ಒಳಗಿನ ಬೆಳಕಿಗೆ ಬರದೆ.

"ಫ್ಯಾಮಿಲಿ ರೂಂ ಅಂತೆ! ಯಾವ ಫ್ಯಾಮಿಲಿ ಬಂದಿತ್ತಪ್ಪ ಇಲ್ಲಿಗೆ?" ಬಾಗಿಲ ಮೇಲೆ ಹಾಗೆ ಬರೆದಿದ್ದ ಹಿಂದಿನ ಕೋಣೆಯಿಂದ ವನಜಾಕ್ಷಿಯ ದನಿ ಬಂತು. ಪ್ರಜ್ಞಾ ಹೋಗಿ ನೋಡಿದರೆ ಅವ್ವ ಗೋಡೆಗೆ ಹತ್ತಿದ ಬೆಂಚಿನ ಮೇಲೆ, ಮದುವೆಯ ಸೀರೆಯಲ್ಲಿ, ಕಾಲು ಚಾಚಿ ಕೂತಿದ್ದಳು. ಅದು ಗಿಡ್ಡ ಬಾಗಿಲಿನ ಕೋಣೆ. ಬೆಂಚಿನೆದುರಿಗೆ ಕೈಯಗಲದ ಗವಾಕ್ಷಿ. ವನಜಾಕ್ಷಿ ಅದರಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. ಮುಖದ ನಗು ಹಾಗೇ ಇತ್ತು, ಕಣ್ಣಿನದು ಹೋಗಿತ್ತು.

"ಇಲ್ಲಿ ಕೂತ್ರೆ ಓಣಿ ಬಾಯಿ ಕಾಣ್ತದೆ. ನಾನು ನಿಂತ್ಕೊಂತಿದ್ದ ಕಲ್ಲು ಕಾಣ್ತದೆ. ಅಲ್ವಾ ಯಜಮಾನ್ರೆ?"

ಷಣ್ಮುಖಪ್ಪನವರು ಕೋಣೆಯ ಬಾಗಿಲಿಗೆ ಬಂದಿದ್ದರು. ಅವರು ಅವಳ ಮಾತು ಕೇಳಿಸಿಕೊಂಡರು, ಆದರೆ ಉತ್ತರಿಸಿದ್ದು ಪ್ರಜ್ಞಾಳಿಗೆ. "ನೋಡು ತಾಯಿ, ಎಲ್ಲಾ ನಿಂಗ್ ಬೇಕಾದಂಗೆ ಮಾಡ್ಕೊ. ನಂದು ಒಂದೇ ಮಾತು. ಈ ಹಿಂದ್ಗಡೆ ಬಾಗ್ಲು ಇದೆಯಲ್ಲ, ಇದಕ್ಕೆ ಇಟ್ಟಿಗೆ ಕಟ್ಟಿ ಮುಚ್ಚಿ ಗಾರೆ ಮಾಡ್ಸಿಬಿಡು. ಬಾಗ್ಲು ಇತ್ತು ಅಂತಾನೇ ಗೊತ್ತಾಗ್ಬಾರ್ದು. ಆಚೆಗಿರೋ ಆ ಕಿಂಡಿ ಬೇಕಾದ್ರೆ ಇರ್ಲಿ, ಗಾಳಿ ಆಡ್ತದೆ."

ಪ್ರಜ್ಞಾ ಒಪ್ಪಿಬಿಡುವವಳಿದ್ದಳು. ಒಂದು ಬಾಗಿಲು, ಏನು ಮಹಾ. 'ಆಯ್ತು ಸರ್' ಎಂಬ ಮಾತು ತುಟಿಯ ತನಕ ಬಂದಿತ್ತು. ಆದರೆ ಕಿಂಡಿ ಇರ್ಲಿ ಎಂದದ್ದು ಒಳಗೆ ಎಲ್ಲೋ ಸಿಕ್ಕಿಕೊಂಡು ಕೆಳಗಿಳಿಯಲಿಲ್ಲ. ಅವರು ಬಗ್ಗಿ ಒಳಬಂದ ಬಾಗಿಲು ಕಾಣಬಾರದು, ಅಪ್ಪ ಕೈಚಾಚಿ ನಿಂತ ಕಿಂಡಿ ಇದ್ದರೆ ಗಾಳಿ. ಈ ಮನುಷ್ಯ ಕೆಟ್ಟವರಲ್ಲ, ಕುರ್ಚಿ ಎಳೆದು ಕೊಟ್ಟವರು. ಈಗಲೂ ಅವರು ಹೇಳಿದ್ದರಲ್ಲಿ ಏನಿದೆ ಎಂದು ಅವರಿಗೇ ಗೊತ್ತಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು, ಅದಕ್ಕೇ ಸಿಟ್ಟು ಎತ್ತಲೂ ಹೋಗಲಾರದೆ ಎದೆಯಲ್ಲೇ ಸುತ್ತುತ್ತಿತ್ತು. ಬೇಡವೆಂದರೆ ಗೋಡೆ ಹೋಗುತ್ತದೆ, ಭಟ್ಟಿ ಹೋಗುತ್ತದೆ, ಮತ್ತೆ ಭದ್ರಾವತಿಯ ತಗಡಿನ ಓವನ್ನು. ತನ್ನ ದನಿ ತನಗೇ ತಡವಾಗಿ ಕೇಳಿಸಿತು.

"ಮುಚ್ತೀನಿ ಸರ್. ನಂದೂ ಒಂದು ಮಾ‌ತಿದೆ. ಈಗ ನೀವು ಮುಂದ್ಗಡೆ, ಬೀದಿ ಬಾಗ್ಲಲ್ಲಿ ನಮ್ ಜೊತೆ ಕೂತು ಒಂದು ಟೀ ಕುಡೀಬೇಕು. ಬಾಗ್ಲು ಪೂರಾ ತೆಗ್ದು."

"ಟೀನಾ?" ಅವರಿಗೆ ಒಮ್ಮೆ ಗಲಿಬಿಲಿಯಾಯಿತು. "ನಾನ್ ಹೊರಗಡೆ ಏನೂ ಕುಡಿಯಲ್ಲ ತಾಯಿ."

"ಹೊರಗಡೆ ಹೆಂಗಾಗುತ್ತೆ ಸರ್? ನಿಮ್ಮದೇ ಗೋಡೌನ್ ಅಲ್ವಾ?"

ವನಜಾಕ್ಷಿ ಬೆಂಚಿನಿಂದ ಎದ್ದಳು. "ತಿಮ್ಮಪ್ಪಾ, ನಾಕು ಟೀ ತರ್ಸಪ್ಪ" ಎಂದು ಬೀದಿಗೇ ಕೇಳುವ ಹಾಗೆ ಕೂಗಿದಳು. ಕೂಗಿ ಪಳಗಿದ ಗಂಟಲು.

ದೊಡ್ಡ ಬಾಗಿಲಿನ ಎರಡೂ ರೆಕ್ಕೆಗಳನ್ನು ಪ್ರಜ್ಞಾ ತೆರೆದಳು. ಬೀದಿಯ ಬೆಳಕು ಕಟ್ಟೆಯ ತನಕ ನುಗ್ಗಿತು. ಷಣ್ಮುಖಪ್ಪನವರು ಹೋಗಿಬಿಡುತ್ತಾರೆ ಎಂದುಕೊಂಡಳು. ಅವರೂ ಹಾಗೇ ಅಂದುಕೊಂಡವರಂತೆ ಒಂದು ಹೆಜ್ಜೆ ಹಿಂದಿನ ಕೋಣೆಯ ಕಡೆಗಿಟ್ಟು ನಿಂತರು. ಆಮೇಲೆ ತಿಮ್ಮಪ್ಪ ಒರೆಸಿಕೊಟ್ಟ ಸ್ಟೂಲಿನ ಮೇಲೆ, ಕೊಡೆಯನ್ನು ಮೊಣಕಾಲುಗಳ ನಡುವೆ ಊರಿಕೊಂಡು, ಬೀದಿಗೆ ಮುಖ ಮಾಡಿ ಕೂತರು. ಟೀ ಬಂತು. ಗ್ಲಾಸು ಕೈಯಲ್ಲೇ ಉಳಿಯಿತು. ತರಕಾರಿ ಚೀಲ ಹಿಡಿದ ಹೆಂಗಸರು ನಡಿಗೆ ನಿಧಾನ ಮಾಡಿದರು. ಬೀಡಾ ಅಂಗಡಿಯವನು ಕತ್ತು ಹೊರಗೆ ಹಾಕಿದ. ಸೈಕಲ್ಲಿನವನೊಬ್ಬ ಕಾಲು ಕೆಳಗೂರಿ, "ಏನ್ ಷಣ್ಮುಖಪ್ಪನೋರೆ, ಇದ್ರೊಳಗೆ?" ಎಂದ. ಅವರು ಬಾಯಿ ತೆರೆದರು, ಮುಚ್ಚಿದರು. ಬೆಳಿಗ್ಗೆ ಓಣಿಯಲ್ಲಿ ತನ್ನ ಮುಖ ಹೀಗೇ ಇದ್ದಿರಬೇಕು ಎಂದು ಪ್ರಜ್ಞಾಳಿಗೆ ಅನ್ನಿಸಿತು. ಗೆದ್ದ ಸಂತೋಷವಾಗಬೇಕಿತ್ತು. ಸಂಕಟವೇ ಆಯಿತು, ಸಾಕು ಏಳಿ ಸರ್ ಎಂದುಬಿಡೋಣವೇ ಎನ್ನುವಷ್ಟು. ಎನ್ನಲಿಲ್ಲ.

"ಆರೋಗ್ತದೆ, ಕುಡೀರಿ" ಎಂದಳು ವನಜಾಕ್ಷಿ.

ಟೀಯ ಮೇಲೆ ಕೆನೆ ಕಟ್ಟಿತ್ತು. ಷಣ್ಮುಖಪ್ಪನವರು ಬೀದಿಯನ್ನೇ ನೋಡುತ್ತ ಗ್ಲಾಸನ್ನು ಎಡಗೈಗೆ ದಾಟಿಸಿದರು. ಬಲಗೈಯ ತೋರುಬೆರಳನ್ನು ಟೀಯಲ್ಲಿ ಅದ್ದಿ, ಹೆಬ್ಬೆರಳಿಗೆ ತಾಗಿಸಿ, ನೆಲದ ಕಡೆಗೆ ಒಂದು ಸಲ, ಮತ್ತೊಂದು ಸಲ ಚಿಮ್ಮಿದರು. ಕುಡಿಯುವವರು ಮೊದಲ ಹನಿ ಭೂಮಿತಾಯಿಗೆ ಕೊಡುತ್ತಾರಲ್ಲ, ಹಾಗೆ. ಆಮೇಲೆ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಎಸೆದು, ಗ್ಲಾಸನ್ನು ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಂಡು, ಮುಖ ಕಿವುಚಿ ತುಟಿ ಒರೆಸಿಕೊಂಡರು.

ತಿಮ್ಮಪ್ಪನಿಗೆ ತಡೆಯಲಾಗಲಿಲ್ಲ. "ಸಾವ್ಕಾರ್ರೆ! ಟೀ ಕಣ್ರೀ ಅದು!"

ಬೀದಿ ಗೊಳ್ಳೆಂದಿತು. ಷಣ್ಮುಖಪ್ಪನವರು ಕಣ್ಣು ಬಿಟ್ಟು ತಮ್ಮ ಬೆರಳು ನೋಡಿಕೊಂಡರು. ಬೆರಳಿನ ತುದಿಯಲ್ಲಿ ಕೆನೆ ಅಂಟಿತ್ತು. ಕಿವಿಗಳು ಕೆಂಪಗಾದವು, ವಿಭೂತಿಯ ಸುತ್ತ ಬೆವರು ಮೂಡಿತು. ಎದ್ದು ಹೋಗುತ್ತಾರೆ, ಈಗ ಖಂಡಿತ ಹೋಗುತ್ತಾರೆ ಎಂದುಕೊಂಡಳು ಪ್ರಜ್ಞಾ. ನಗದೇ ಇದ್ದವಳು ವನಜಾಕ್ಷಿ ಒಬ್ಬಳೇ. ಅವಳು ಅವರ ಖಾಲಿ ಗ್ಲಾಸು ಇಸಿದುಕೊಂಡು ಕಟ್ಟೆಯ ಮೇಲಿಟ್ಟಳು.

"ನಮ್ಮನೇವ್ರದೂ ಇದೇ ಕತೆ ಯಜಮಾನ್ರೆ. ಬಿಟ್ಟು ವರ್ಷ ಆದ್ಮೇಲೂ ಕಾಫಿಗೆ ಬೆರಳು ಅದ್ದೋರು. ನಾನ್ ಕೈಮೇಲೆ ಹೊಡ್ದು ಹೊಡ್ದು ಬಿಡಿಸ್ದೆ."

ಷಣ್ಮುಖಪ್ಪನವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ನಗುತ್ತಿದ್ದಾರೋ ಏನೋ ಎಂದು ಒಂದು ಗಳಿಗೆ ತಿಳಿಯಲಿಲ್ಲ. ನಗುತ್ತಲೇ ಇದ್ದರು, ಕಣ್ಣಲ್ಲಿ ನೀರು ಬರುವ ತನಕ. ಟವೆಲಿನಿಂದ ಮುಖ ಒರೆಸಿಕೊಂಡು ಮೊದಲ ಸಲ ನೇರವಾಗಿ ವನಜಾಕ್ಷಿಯ ಮುಖ ನೋಡಿದರು.

"ಕೆಂಪರಾಜು ಹೆಂಗವ್ನವ್ವಾ ಈಗ?"

"ಚೆನ್ನಾಗವ್ರೆ."

"ಭಾಳ ಚೆನ್ನಾಗ್ ಹಾಡೋನು. ಆ ಕಿಂಡಿ ಹತ್ರ ನಿಂತು." ಅವರು ಪ್ರಜ್ಞಾಳ ಕಡೆ ತಿರುಗಿದರು. "ಇಟ್ಟಿಗೆ ಗಿಟ್ಟಿಗೆ ಬೇಡ ಬಿಡು ತಾಯಿ. ಇನ್ನೇನ್ ಉಳಿದೈತೆ ಮುಚ್ಚೋಕೆ, ಊರೇ ನಿಂತು ನೋಡ್ತು." ಬೀದಿಯ ಕಡೆಗೆ ದನಿ ಎತ್ತಿ, "ಬೇಕರಿ ಆಗ್ತದೆ ಕಣ್ರೋ ಇಲ್ಲಿ, ಬನ್‌ ತಿನ್ನೋಕ್ ಬರ್ರಿ, ಹಿಂಗ್ ಹಲ್ಲು ಕಿರಿದ್ರೆ ಆಗಲ್ಲ" ಎಂದರು. ಎದ್ದು ಅಂಗಿಯ ಜೇಬು ತಡಕಿದರು, ಪಂಚೆಯ ಸೊಂಟ ತಡಕಿದರು, ಹೋಗಿ ಅಗಣಿ ನೋಡಿದರು. "ಇಲ್ಲೇ ನೇತಾಕಿದ್ನಲ್ಲ ಕೀ..."

"ಆಗ್ಲೇ ತಗೊಂಡೆ" ಎಂದಳು ವನಜಾಕ್ಷಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗ ತಟ್ಟಿ ತೋರಿಸುತ್ತ. "ನೀವು ಬಾಗ್ಲು ತೆಗೆದ್ ತಕ್ಷಣ."

ಅಷ್ಟರಲ್ಲಾಗಲೇ ಪ್ರಜ್ಞಾ ಅಲ್ಲಿರಲಿಲ್ಲ. ಹಿಂದಿನ ಕೋಣೆ ದಾಟಿ, ಕಿಂಡಿಯ ಅಂಚಿಗೆ ಎರಡೂ ಕೈ ಕೊಟ್ಟು ಜಗ್ಗಿ ನೋಡುತ್ತಿದ್ದಳು. ಗಾರೆ ಸಡಿಲವಿತ್ತು. ಕೆಳಗಿನ ಕಲ್ಲೊಂದು ಆಗಲೇ ಅಲುಗುತ್ತಿತ್ತು.

"ತಿಮ್ಮಪ್ಪಣ್ಣಾ," ಅವಳ ಕೂಗು ಬೀದಿಯ ತನಕ ಬಂತು, "ನಿನ್ ಹತ್ರ ಸುತ್ತಿಗೆ ಐತಾ?"